ಒಳಗಿನ ಕುಟ್ಟು

ಸೂರು ರಿಪೇರಿಗೆ ರೇಟು ಎಷ್ಟು ಎಂದು ಯಾರಾದರೂ ಕೇಳಿದರೆ ಗಂಗಾಲಕ್ಷ್ಮಿ ಮೊದಲು, "ಮನೆ ಯಾವ ಕಾಲದ್ದು?" ಎಂದು ಎದುರು ಪ್ರಶ್ನೆ ಹಾಕುತ್ತಿದ್ದಳು. ತಾತನ ಕಾಲದ ಹೆಂಚಿನ ಮನೆಯಾದರೆ ದಿನಗೂಲಿಯ ಲೆಕ್ಕ. ಒಡೆದ ಹೆಂಚು ಎಷ್ಟು, ಗೆದ್ದಲು ಹಿಡಿದ ರೀಪರು ಪಟ್ಟಿ ಎಷ್ಟು ಎಂದು ಹತ್ತಿ ನೋಡುವ ತನಕ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಅಪ್ಪನ ಕಾಲದ ಕಲ್ಲು ಚಪ್ಪಡಿಯ ಮನೆಯಾದರೆ ಸಂದಿನ ಲೆಕ್ಕ; ಚಪ್ಪಡಿ ಸೋರುವುದಿಲ್ಲ, ಎರಡು ಚಪ್ಪಡಿಗಳ ನಡುವಿನ ಗಾರೆ ಸೋರುತ್ತದೆ. ಮಗನ ಕಾಲದ ಕಾಂಕ್ರೀಟು ಮೋಲ್ಡ್ ಮನೆಯಾದರೆ ಅಡಿ ಲೆಕ್ಕ. ಬಿರುಕು ಒಂದು ಗೇಣಿದ್ದರೂ ಇಡೀ ಮಾಳಿಗೆಗೆ ಔಷಧಿ ಬಳಿಯಬೇಕು.

"ಮನುಷ್ಯರ ಹಂಗೇ ಕಣ್ರೀ," ಎಂದು ಅವಳ ಗಂಡ ಕದಿರೇಶ್ ನಗುತ್ತಿದ್ದ. "ಮುದುಕರಿಗೆ ಮಂಡಿ ನೋವಾದ್ರೆ ಮಂಡಿಗೆ ಎಣ್ಣೆ ಹಚ್ಚಿದ್ರೆ ಸಾಕು. ಈಗಿನೋರಿಗೆ ಬೆರಳು ನೋವಾದ್ರೂ ಮೈಯೆಲ್ಲ ಸ್ಕ್ಯಾನಿಂಗು."

ಇಬ್ಬರೂ ದೇವರಾಯಸಮುದ್ರದ ಕಾಲೊನಿಯವರು. ಕಾಲೊನಿ ಎಂದರೆ ಯಾರ ಕಾಲೊನಿ ಎಂದು ಈ ಸೀಮೆಯಲ್ಲಿ ಯಾರೂ ಬಿಡಿಸಿ ಕೇಳುವುದಿಲ್ಲ. ಊರು ಬೇರೆ, ಕಾಲೊನಿ ಬೇರೆ, ಅಷ್ಟೇ. ಟಿವಿಎಸ್ ಗಾಡಿಯ ಮುಂದೆ ಸಿಮೆಂಟು ಸುಣ್ಣದ ಚೀಲ, ಹಿಂದೆ ಗಂಗಾಲಕ್ಷ್ಮಿ, ಅವಳ ತೊಡೆಯ ಮೇಲೆ ಉಳಿ, ಸುತ್ತಿಗೆ, ಕರಣೆ ತುಂಬಿದ ಬಾಂಡ್ಲಿ. ಮಳೆಗಾಲ ಹತ್ತಿರ ಬಂತೆಂದರೆ ಇತ್ತ ಮುಳಬಾಗಿಲು, ಅತ್ತ ಶ್ರೀನಿವಾಸಪುರ, ಕರೆದರೆ ವೇಮಗಲ್‌ವರೆಗೂ ಹೋಗುತ್ತಿದ್ದರು. ಅವರದೇ ಮನೆಯ ಸಿಮೆಂಟು ಶೀಟು ಸೋರುತ್ತಿತ್ತು. ಅದರ ಕೆಳಗೆ ಒಂದು ಬಕೀಟು ಕಾಯಂ ಆಗಿ ಕೂತಿತ್ತು.

ಗಂಗಾಲಕ್ಷ್ಮಿ ಮಾಲೂರಿನ ಹೆಂಚಿನ ಗೂಡಿನ ಪಕ್ಕ ಹುಟ್ಟಿ ಬೆಳೆದವಳು. ಅವಳಿಗೆ ಹೆಂಚಿನ ಮನೆ ಎಂದರೆ ಇಷ್ಟ. ಹತ್ತಿ ಕೂತು ಎರಡು ಹೆಂಚು ಸರಿಸಿದರೆ ಒಳಗಿನ ಸಂಸಾರವೆಲ್ಲ ಬಯಲು. ಅಟ್ಟದ ಮೇಲಿನ ಹಿತ್ತಾಳೆ ಕೊಳಗ, ಒಲೆಯ ಮೇಲೆ ಉಕ್ಕುವ ಸಾರು, ಗೋಡೆಗೆ ಬೆನ್ನು ಕೊಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವ ಸೊಸೆ, ದೇವರ ಮುಂದಿನ ದೀಪ, ಎಲ್ಲವೂ ಕಾಣುತ್ತಿತ್ತು. ಬಾಗಿಲಿನಿಂದ ಒಳಗೆ ಹೋಗುವ ಯೋಗ್ಯತೆ ಇಲ್ಲದವರು ನೆತ್ತಿಯಿಂದ ಒಳಗೆ ನೋಡಬಹುದಿತ್ತು. ನಮ್ಮ ನ್ಯಾಯಗಳು ಒಂದೇ ಎರಡೇ! ಚಪ್ಪಡಿ ಬಂದ ಮೇಲೆ ಆ ಕಿಂಡಿಯೂ ಮುಚ್ಚಿತು. ಮೋಲ್ಡ್ ಬಂದ ಮೇಲೆ ಪೂರ್ತಿ ಕುರುಡು. ಮನೆಗಳು ಹೊಸದಾದ ಹಾಗೆಲ್ಲ ಅವುಗಳ ಒಡಲು ಇವರಿಗೆ ಇನ್ನಷ್ಟು ದೂರವಾಯಿತು.

ಹಾಗಾಗಿ ಹುಟ್ಟಿಕೊಂಡದ್ದು ಕುಟ್ಟು ಕೊಡುವ ಪದ್ಧತಿ. ಒಳಗೆ ಎಲ್ಲಿ ತೊಟ್ಟಿಕ್ಕುತ್ತದೋ ಅಲ್ಲಿ ಮನೆಯವರು ಉದ್ದನೆಯ ಗಳ ಎತ್ತಿ ಸೂರಿಗೆ ಕುಟ್ಟುವುದು. ಮೇಲಿದ್ದವನು ಅಂಗೈ ಊರಿ, ಬೇಕಾದರೆ ಕಿವಿ ಹಚ್ಚಿ, ಸದ್ದು ಬಂದ ಜಾಗಕ್ಕೆ ಸುಣ್ಣದ ಬೊಟ್ಟಿಡುವುದು. ಕದಿರೇಶನ ಅಪ್ಪ ಗಂಗುಲಪ್ಪ ಬದುಕಿದ್ದ ತನಕ ಹೀಗೆಯೇ ಕೆಲಸ ಮಾಡಿದ. ಕೋಲಾರದ ಬಡಾವಣೆಗಳಲ್ಲಿ ಈ ಗೊಡವೆ ಇರಲಿಲ್ಲ. ಅಲ್ಲಿ ಹೆಸರು ಊರು ಕೇಳುವಷ್ಟು ಪುರಸೊತ್ತು ಯಾರಿಗೂ ಇಲ್ಲ, ಒಳಗೆ ಬಂದು ನೋಡ್ರಿ ಎನ್ನುತ್ತಿದ್ದರು. ಹಳ್ಳಿಗಳಲ್ಲಿ ಹಾಗಲ್ಲ. ಒಳಗೆ ಬರಬೇಡ ಎಂದು ಅಲ್ಲಿಯೂ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಏಣಿ ಮಾತ್ರ ಯಾವಾಗಲೂ ಹೊರಗೋಡೆಗೆ ಒರಗಿರುತ್ತಿತ್ತು.

ಆದಿಲಕ್ಷ್ಮಮ್ಮನ ಮನೆಯ ಏಣಿಯೂ ಹಾಗೆಯೇ ಒರಗಿತ್ತು.

ಮುಳಬಾಗಿಲಿನಿಂದ ಶ್ರೀನಿವಾಸಪುರದ ಕಡೆಗೆ ಹೋಗುವ ರಸ್ತೆಯಲ್ಲಿ, ಮಾವಿನ ತೋಪುಗಳ ನಡುವಿನ ಒಂದು ಊರಿನಲ್ಲಿ ಆ ಮನೆ. ಒಂದೇ ಮನೆಗೆ ಮೂರು ಕಾಲದ ಮೂರು ಸೂರು. ಮುಂದೆ ಮಾಲೂರು ಹೆಂಚಿನ ಪಡಸಾಲೆ. ಅದಕ್ಕೆ ಹೆಂಚು ಹೊದಿಸಿದವನು ಕದಿರೇಶನ ತಾತ. ನಡುವೆ ಕಲ್ಲು ಚಪ್ಪಡಿಯ ಅಡುಗೆ ಮನೆ, ದೇವರ ಕೋಣೆ. ಅದರ ಸಂದುಗಳಿಗೆ ವರ್ಷ ವರ್ಷ ಗಾರೆ ತುಂಬಿದವನು ಗಂಗುಲಪ್ಪ. ಹಿಂದೆ ಮೋಲ್ಡ್ ಹಾಕಿದ ದೊಡ್ಡ ಹಾಲು. ಅದನ್ನು ಕಟ್ಟಿಸಿದವನು ಆದಿಲಕ್ಷ್ಮಮ್ಮನ ಮಗ ಮುರಳಿಮೋಹನ್. ಶ್ರೀನಿವಾಸಪುರದಲ್ಲಿ ಅವನಿಗೆ ಮಾವಿನ ಮಂಡಿ. ಹೋದ ವರ್ಷ ಆ ಹಾಲಿಗೆ, ಮೋಲ್ಡಿನ ಕೆಳಗೆ, ಪಿಓಪಿಯ ಬಿಳೀ ಒಳಮಾಡು ಕಟ್ಟಿಸಿ ಸಾಲುಸಾಲು ದೀಪ ಹಾಕಿಸಿದ್ದ. ಈಗ ಮಳೆ ಬಂದರೆ ಹಾಲಿನ ನಟ್ಟನಡುವಿನ ದೀಪದ ತೂತಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಕದಿರೇಶ್ ಒಂದು ಸಲ ಬಂದು ಸರಿಮಾಡಿ, "ಇನ್ನೊಂದು ಹನಿ ಬಿದ್ರೆ ನನ್ನ ಕೇಳಿ ಅಣ್ಣಾ, ಗ್ಯಾರಂಟಿ," ಎಂದು ಎದೆ ಮುಟ್ಟಿಕೊಂಡಿದ್ದ. ಬಿತ್ತು. ಎರಡನೆಯ ಸಲ ತನ್ನದೇ ಖರ್ಚಿನಲ್ಲಿ ಮತ್ತೆ ಮಾಡಿದ. ಮತ್ತೂ ಬಿತ್ತು. ಮುರಳಿಮೋಹನ್ ಕೆಟ್ಟ ಮನುಷ್ಯನಲ್ಲ, ಆದರೆ ಬಾಯಿ ಸುಮ್ಮನಿರದ ಮನುಷ್ಯ. "ನಮ್ ಕದಿರೇಶ ಬಂದುಹೋದ್ಮೇಲೆ ಹನಿ ಇದ್ದದ್ದು ಧಾರೆ ಆಯ್ತು ಕಣ್ರಪ್ಪಾ," ಎಂದು ಮಂಡಿಯಲ್ಲಿ ನಗೆಯಾಡಿದ್ದ. ಮಂಡಿಗೆ ಸುತ್ತಲಿನ ಊರುಗಳ ತೋಟದವರೆಲ್ಲ ಬರುತ್ತಾರೆ. ಆ ನಗೆ ಊರೂರು ಸುತ್ತಿತು. ಮಳೆಗೆ ಮುಂಚೆ ಬಾ ಎಂದಿದ್ದ ಎರಡು ಮನೆಯವರು ಈಗ ಬೇಡ ಬಿಡು ಎಂದರು. ಈ ಮೂರನೆಯ ಸಲವೂ ಸೋರಿದರೆ ತಾತನಿಂದ ಬಂದ ಕೈಗುಣದ ಹೆಸರು ಮಣ್ಣುಪಾಲು. ಅದರ ಮೇಲೆ, ಭಾನುವಾರ ಮುರಳಿಮೋಹನನ ಮಗಳು ಅನಿತಳನ್ನು ನೋಡಲು ಕೋಲಾರದಿಂದ ಗಂಡಿನ ಕಡೆಯವರು ಬರುವವರಿದ್ದರು. ಅವರನ್ನು ಕೂರಿಸುವುದು ಆ ದೀಪದ ಕೆಳಗೇ.

ಭರಣಿ ಮಳೆ ಸುರಿದು ಬಿಟ್ಟಿದ್ದ ಬೆಳಗ್ಗೆ ಗಂಡಹೆಂಡತಿ ಮಾಳಿಗೆ ಹತ್ತಿದರು. ಹಿಂದಿನ ದಿನ ಇಡೀ ಹಗಲು ಮೋಲ್ಡಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದರು. ಒಳಗೆ ಒಂದು ಹನಿ ಬಿದ್ದಿರಲಿಲ್ಲ. ರಾತ್ರಿ ಮಳೆ ಬಂದದ್ದೇ ತಡ, ಮತ್ತೆ ತೊಟ್ಟಿಕ್ಕಿತ್ತು.

"ನಿಲ್ಸಿದ ನೀರು ಇಳಿಯಲ್ಲ, ಮಳೆ ನೀರು ಇಳಿಯುತ್ತೆ. ಏನ್ ಮಾಟ ಇದು?" ಕದಿರೇಶ್ ತಲೆ ಕೆರೆದುಕೊಂಡ.

"ಮಾಟ ಅಲ್ಲ. ಸೋರೋದು ಮೋಲ್ಡಲ್ಲ. ಬೇರೆ ಎಲ್ಲೋ ಇಳಿದು ಇಲ್ಲಿಗೆ ಬಂದು ಬೀಳ್ತಿದೆ," ಎಂದಳು ಗಂಗಾಲಕ್ಷ್ಮಿ.

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಕೆಳಗೆ ಹಾಲಿನಲ್ಲಿ ನಿಂತಿದ್ದ ಮುರಳಿಮೋಹನನದೇ. ಇವರ ಕಾಲಿನ ಕೆಳಗೆ, ಒಂದು ಆಳೆತ್ತರದಲ್ಲಿ ನಿಂತು ಫೋನು ಮಾಡಿದ್ದ. ಪಿಓಪಿಗೆ ಗಳ ತಾಗಿಸಿದರೆ ಉದುರುತ್ತದೆ ಎಂದು ಕುಟ್ಟು ಕೊಡುವುದನ್ನು ಬಿಟ್ಟು ಫೋನಿಗೆ ಬಂದಿದ್ದ. ಹೋದ ಸಲ ಹನಿ ಬೀಳುವುದನ್ನು ವಿಡಿಯೋ ಮಾಡಿ ವಾಟ್ಸಾಪಿನಲ್ಲೂ ಕಳಿಸಿದ್ದ. ಒಳಗೆ ಬಂದು ನೋಡು ಎನ್ನುವ ಒಂದು ಮಾತನ್ನು ತಪ್ಪಿಸಲು ಮನುಷ್ಯ ಎಷ್ಟೆಲ್ಲ ಯಂತ್ರ ಕಲಿಯುತ್ತಾನೆ!

"ಕಿಟಕಿ ಗೋಡೆಯಿಂದ ಏಳಡಿ ಕಣಪ್ಪಾ ಕದಿರೇಶ, ಟೇಪ್ ಹಿಡಿದು ನೋಡಿದ್ದೀನಿ," ಫೋನು ಹೇಳುತ್ತಿತ್ತು.

"ಅಲ್ಲೇ ಎರಡ್ಸಲ ಒಡೆದು ಮುಚ್ಚಿದ್ದೀನಲ್ಲ ಅಣ್ಣಾ."

"ಇನ್ನೊಂದ್ ಸ್ವಲ್ಪ ಆಳಕ್ಕೆ ಒಡಿ."

ಗಂಗಾಲಕ್ಷ್ಮಿ ಈ ಮಾತು ಕೇಳುತ್ತ, ಮೋಲ್ಡ್ ಮುಗಿದು ಚಪ್ಪಡಿ ಶುರುವಾಗುವ ಗಡಿಯ ಹತ್ತಿರ ಬರಿಗಾಲಲ್ಲಿ ನಡೆದಾಡುತ್ತಿದ್ದಳು. ಆಗ ಅಂಗಾಲಿಗೆ ಏನೋ ತಾಗಿತು. ಟಕ್. ನಿಂತಳು. ಟಕ್, ಟಕ್. ಕಲ್ಲಿನ ಕೆಳಗಿಂದ ಬರುತ್ತಿತ್ತು. ಅವಳು ಕುಕ್ಕರಗಾಲಲ್ಲಿ ಕೂತು ಅಂಗೈ ಊರಿದಳು. ಸದ್ದು ಗೋಡೆಯುದ್ದಕ್ಕೆ ಒಂದು ಮೊಳ ಸರಿಯಿತು, ಮತ್ತೆ ಕುಟ್ಟಿತು, ನಿಂತಿತು. ಯಾರಿಗೂ ಕೇಳಿಸಬಾರದು, ಮೇಲಿದ್ದವರಿಗೆ ಮಾತ್ರ ಕೇಳಿಸಬೇಕು ಎನ್ನುವ ಹಾಗಿತ್ತು ಆ ಕುಟ್ಟು.

ಮುರಳಿಮೋಹನ್ ಫೋನಿನಲ್ಲಿದ್ದ. ಅವನ ಹೆಂಡತಿ ಮಗಳು ಸೀರೆ ತರಲು ಮುಳಬಾಗಿಲಿಗೆ ಹೋಗಿದ್ದರು. ಮನೆಯಲ್ಲಿ ಉಳಿದವಳು ಆದಿಲಕ್ಷ್ಮಮ್ಮ ಒಬ್ಬಳೇ.

ಗಂಗಾಲಕ್ಷ್ಮಿ ಕೈಸನ್ನೆ ಮಾಡಿದಳು. ಕದಿರೇಶ್ ಫೋನನ್ನು ಕಟ್ ಮಾಡುವುದನ್ನೂ ಮರೆತು ಬಂದು ಕಿವಿಯಿಟ್ಟ. ಅವನ ಮುಖ ಅರಳಿತು.

"ದೇವರ ಕೋಣೆ ಕಣೇ ಇದು. ಬೆಳಗ್ಗೆ ಗಂಟೆ ಸದ್ದು ಇಲ್ಲಿಂದ್ಲೇ ಬರುತ್ತೆ. ನೀರು ಇಲ್ಲಿ ಸಂದಿನಲ್ಲಿ ಇಳಿದು, ಮೋಲ್ಡಿನ ಹೊಟ್ಟೆ ಹಿಡ್ಕೊಂಡು ಹರಿದು, ಆ ದೀಪದ ತೂತಲ್ಲಿ ಬೀಳ್ತಾ ಇದೆ!" ಎಂದು ಉಳಿ ಎತ್ತಿದ.

"ತಡಿ."

"ಏನ್ ತಡಿ? ಮುದುಕಿ ಬೆರಳಿಟ್ಟು ತೋರಿಸ್ತಾವ್ಳೆ."

"ಬೆರಳಿಟ್ಟಲ್ಲ, ಕೋಲಿಟ್ಟು. ಎರಡು ಸಲ ಬಂದು ಬೆವರು ಸುರಿಸಿ ಹೋದ್ವಿ. ಆ ಯಮ್ಮನಿಗೆ ಗೊತ್ತಿತ್ತು. ಒಂದು ಮಾತು ಹೇಳ್ಲಿಲ್ಲ. ಯಾಕೆ?"

"ಯಾಕಾದ್ರೂ ಇರ್ಲಿ. ಪೋನೀ ಬಿಡೇ. ಈಗ ತೋರಿಸಿದ್ಳಲ್ಲ."

"ಕುಟ್ಟಿದ ಜಾಗ ನೀರು ಬೀಳೋ ಜಾಗ. ನೀರು ಹೊಗೋ ಜಾಗ ಯಾವ್ದು? ಈ ಗೋಡೆಯುದ್ದಕ್ಕೂ ಸಂದಿದೆ. ಗಾರೆ ಹೋಗಿದೆಯೋ, ಕಲ್ಲೇ ಸೀಳಿದೆಯೋ ಮೇಲಿಂದ ಏನ್ ಕಾಣ್ಸುತ್ತೆ ನಿಂಗೆ? ಒಳಗಿಂದ ನೋಡ್ಬೇಕು. ನಾನ್ ಕೇಳ್ತೀನಿ."

ಕದಿರೇಶನ ನಗು ಆರಿತು. ಅವನು ಹತ್ತಿರ ಬಂದು ದನಿ ತಗ್ಗಿಸಿದ. "ಲೇ ಗಂಗಾ, ಕೇಳ್ಬೇಡ ಕಣೇ. ಕೇಳಿದ್ರೆ ಇಲ್ಲ ಅಂತಾರೆ. ಕೇಳ್ದೇ ಇರೋ ತನಕ ನಮಗೆ ಯಾರೂ ಇಲ್ಲ ಅಂದಿಲ್ಲ."

ಆ ಮಾತು ಅವಳಿಗೆ ನಾಟಿತು. ಇದು ಅವನೊಬ್ಬನ ಮಾತಲ್ಲ. ಅವನ ಅಪ್ಪನದು, ತಾತನದು. ಅವಮಾನವನ್ನು ಕೇಳಿಸಿಕೊಳ್ಳದೆ ಇರಲು ಪ್ರಶ್ನೆಯನ್ನೇ ನುಂಗಿಕೊಂಡು ಮೂರು ತಲೆಮಾರು ಏಣಿ ಹತ್ತಿ ಇಳಿದಿತ್ತು. ಗಂಡನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಬಾಂಡ್ಲಿಯಲ್ಲಿದ್ದ ಬಟ್ಟೆಯಿಂದ ಕೈ ಒರೆಸಿಕೊಂಡಳು.

"ಅಂದ್ರೆ ಅನ್ಲಿ. ಅನ್ನೋದನ್ನ ಒಂದ್ಸಲ ಕೇಳಾದ್ರೂ ಕೇಳೋಣ," ಎಂದು ಏಣಿ ಇಳಿದಳು.

ಮುಂಬಾಗಿಲ ಹೊಸ್ತಿಲಿನ ಹೊರಗೆ ನಿಂತು, "ದೊಡ್ಡಮ್ಮಾ," ಎಂದು ಕೂಗಿದಳು. ಆದಿಲಕ್ಷ್ಮಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಬಂದಳು. ಬೆಳ್ಳಗಿನ, ಸಣ್ಣ ಮೈಯ ಮುದುಕಿ. ಕೈಯಲ್ಲಿ ಗಳ ಇರಲಿಲ್ಲ.

"ಏಮ್ಮಾ ಗಂಗಾ, ನೀರು ಬೇಕಿತ್ತಾ?"

"ಬೇಡ ದೊಡ್ಡಮ್ಮಾ. ಕುಟ್ಟಿದ್ದು ಕೇಳಿಸ್ತು. ಅದಕ್ಕೇ ಬಂದೆ."

ಮುದುಕಿ ಬಾಯಿಗೆ ಬೆರಳಿಡುವಷ್ಟರಲ್ಲಿ ಹಿಂದಿನಿಂದ ಮುರಳಿಮೋಹನ್ ಫೋನು ಹಿಡಿದೇ ಬಂದ. "ಯಾವ ಕುಟ್ಟು? ನಾನು ಕುಟ್ಟೇ ಇಲ್ವಲ್ಲ."

"ನೀವಲ್ಲ ಅಣ್ಣಾ. ದೇವರ ಕೋಣೆಯಿಂದ ಬಂತು."

ಮಗ ತಾಯಿಯ ಕಡೆ ತಿರುಗಿದ. "ಅಮ್ಮಾ, ಅಲ್ಲೂ ಸೋರ್ತಿದೆಯಾ?"

"ಸೋರಲ್ಲ. ಒಂಚೂರು ತೇವ."

"ಯಾವಾಗಿಂದ?"

"ನೀನು ಹಾಲಿಗೆ ಬಿಳೀ ಅಟ್ಟ ಕಟ್ಟಿಸಿದ್ಯಲ್ಲ, ಅದಕ್ಕೂ ಮುಂಚಿಂದ."

"ಹೇಳೋಕೇನಾಗಿತ್ತು?"

"ಹೇಳಿದ್ರೆ ಒಡೆಸ್ತಿದ್ದೆ," ಎಂದಳು ಆದಿಲಕ್ಷ್ಮಮ್ಮ. "ನಿಮ್ಮಪ್ಪ ಕಲ್ಲುಕುಟಿಗರನ್ನ ಕರೆಸಿ ಕೂರಿಸಿದ ಚಪ್ಪಡಿ. ಯಾವಾಗ ನೆಪ ಸಿಗುತ್ತೆ, ಯಾವಾಗ ಕೆಡವಿ ಮೋಲ್ಡ್ ಹಾಕ್ಸೋಣ ಅಂತ ಕಾಯ್ತಿದ್ದೀಯ ನೀನು."

"ಕೆಡವ್ದೆ ಇನ್ನೇನು ಪೂಜೆ ಮಾಡ್ಲಾ? ಆ ಗುಹೆ ಇಟ್ಕೊಂಡು..."

ಮುದುಕಿ ಮಗನನ್ನು ಬಿಟ್ಟು ಗಂಗಾಲಕ್ಷ್ಮಿಯನ್ನು ನೋಡಿದಳು. ಬಚ್ಚಿಟ್ಟದ್ದು ಬಯಲಾಗಿತ್ತು, ಇನ್ನು ಅವಳ ಕೋಣೆಯನ್ನು ಉಳಿಸುವುದು ಯಾರಾದರೂ ನೋಡಿ ಹೇಳುವ ಒಂದು ಮಾತು. "ಒಡೀಲೇಬೇಕಾ ಗಂಗಾ?"

"ನೋಡ್ದೆ ಹೆಂಗ್ ಹೇಳ್ಲಿ ದೊಡ್ಡಮ್ಮಾ? ಬರೀ ಗಾರೆ ಹೋಗಿದ್ರೆ ಅರ್ಧ ದಿನದ ಕೆಲಸ. ಕಲ್ಲು ಸೀಳಿದ್ರೆ ಇಳಿಸ್ಲೇಬೇಕು, ಅದು ದೊಡ್ಡ ಖರ್ಚು. ಮೇಲಿಂದ ಎರಡೂ ಒಂದೇ ಥರ ಕಾಣುತ್ತೆ. ನಾನು ಒಳಗೆ ಬಂದು ನೋಡ್ಬೇಕು."

ಅಷ್ಟೇ. ಮೂರು ತಲೆಮಾರು ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು ಇಷ್ಟು ಸಣ್ಣದು.

"ವಿಡಿಯೋ ತೆಗೆದು ಕಳಿಸ್ತೀನಿ ಬಿಡು," ಎಂದ ಮುರಳಿಮೋಹನ್.

"ಹೋದ್ಸಲಾನೂ ಕಳಿಸಿದ್ರಿ ಅಣ್ಣಾ."

"ಅಯ್ಯೋ, ನಂಗೇನೂ ಇಲ್ಲಮ್ಮ. ನಾನು ಅದೆಲ್ಲ ನಂಬೋನೇ ಅಲ್ಲ. ಮಂಡಿಗೆ ಬಾ, ಎಲ್ರೂ ಒಂದೇ ಬೆಂಚಲ್ಲಿ ಕೂತು ಟೀ ಕುಡೀತೀವಿ. ಅಮ್ಮನ ಕಾಲದೋರು ನೋಡು, ಅವರಿಗೆ ಮನಸ್ಸಿಗೆ ಒಂಥರಾ..." ಎಂದು ತಾಯಿಯ ಕಡೆ ಗಲ್ಲ ತೋರಿಸಿದ. ಈ ದೇಶದಲ್ಲಿ ಅಸ್ಪೃಶ್ಯತೆ ಮಾಡುವವನು ಎದುರಿಗೆ ಸಿಕ್ಕವನು ಯಾವತ್ತೂ ಅಲ್ಲ; ಅವನ ತಾಯಿ, ಇಲ್ಲವೇ ಅವನ ಅಜ್ಜಿ.

ಗಂಗಾಲಕ್ಷ್ಮಿಗೆ ನಗು ಬಂತು. ನಗುತ್ತಲೇ, ಮೊದಲೇ ಯೋಚಿಸಿರದಿದ್ದ ಒಂದು ಮಾತು ಬಾಯಿಗೆ ಬಂತು. "ಹಂಗಾದ್ರೆ ರೇಟು ಕೇಳಿ ಅಣ್ಣಾ. ಹೆಂಚಿಗೊಂದು, ಕಲ್ಲಿಗೊಂದು, ಮೋಲ್ಡಿಗೊಂದು ರೇಟು ಇದ್ದಂಗೆ ಇದಕ್ಕೂ ಎರಡು ರೇಟು. ಒಳಗೆ ನೋಡಿ ಮಾಡಿದ್ರೆ ಮಾಮೂಲು ರೇಟು, ಗ್ಯಾರಂಟಿ. ನೋಡ್ದೆ ಮಾಡಿದ್ರೆ ಡಬಲ್ಲು, ಗ್ಯಾರಂಟಿ ಇಲ್ಲ."

"ಆಯ್ತು, ಡಬಲ್ಲೇ ತಗೋ," ಎಂದ ಮುರಳಿಮೋಹನ್.

ಕ್ರೇಟಿಗೆ ಹತ್ತು ರೂಪಾಯಿಗಾಗಿ ರೈತರ ಜೊತೆ ಬೆಳಗಿನಿಂದ ಸಂಜೆಯ ತನಕ ಗುದ್ದಾಡುವ ಮನುಷ್ಯ ಚೌಕಾಸಿಗೆ ಬಾಯಿ ತೆರೆಯಲಿಲ್ಲ. ಅವನ ಅಂಗೈಯ ಫೋನಿನಿಂದ ಕದಿರೇಶನ ದನಿ ಬಂತು. ಲೈನು ಇನ್ನೂ ಕಟ್ ಆಗಿರಲಿಲ್ಲ, ಅವನು ಮೇಲೆ ಕೂತು ಎಲ್ಲವನ್ನೂ ಕೇಳುತ್ತಿದ್ದ. "ಗಂಗಾ, ಒಪ್ಕೊಳ್ಳೇ. ಗ್ಯಾರಂಟೀನೂ ಬೇಡ್ವಂತೆ ಕಣೇ!"

ಗಂಗಾಲಕ್ಷ್ಮಿಯ ನಗು ನಿಂತುಹೋಯಿತು. ತಾನು ಕೊಂಕಿಗೆ ಆಡಿದ ಮಾತನ್ನು ಅವನು ವ್ಯಾಪಾರ ಎಂದೇ ತಿಳಿದಿದ್ದ. ತಪ್ಪು ಅವನದಲ್ಲ, ತನ್ನದು. ಬೆಲೆ ಕಟ್ಟಿದವಳು ತಾನು. ಕಟ್ಟಿದ ಮೇಲೆ ಕೊಳ್ಳುವವನು ಕೊಳ್ಳುತ್ತಾನೆ. ಹೀಗೆ ದುಡ್ಡು ಎಸೆದು ಹೊಸ್ತಿಲು ಉಳಿಸಿಕೊಳ್ಳುವ ಹಾಗಾದರೆ ನಾಳೆ ಊರಿಗೆ ಊರೇ ಡಬಲ್ ರೇಟಿಗೆ ಒಪ್ಪುತ್ತದೆ, ಕದಿರೇಶ್ ಶೀಟು ಬದಲಾಯಿಸುತ್ತಾನೆ, ಏಣಿ ಅಲ್ಲೇ ಇರುತ್ತದೆ.

"ಡಬಲ್ಲು ಬೇಡ ಅಣ್ಣಾ," ಎಂದಳು ನಿಧಾನವಾಗಿ. "ಆ ರೇಟು ನಾನು ಹೇಳ್ಬಾರ್ದಾಗಿತ್ತು. ತಪ್ಪಾಯ್ತು. ನೋಡ್ದೆ ಮಾಡಲ್ಲ ಅನ್ಬೇಕಾಗಿತ್ತು." ಆಮೇಲೆ ಮುರಳಿಮೋಹನನ ಫೋನಿಗೇ ಬಾಯಿ ಹಚ್ಚಿ, "ಇಳಿಯಯ್ಯಾ. ಸಾಮಾನು ತಗೊಂಡು ಇಳಿ," ಎಂದಳು.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಬಾಂಡ್ಲಿಗೆ ಉಳಿ ಬಿದ್ದ ಸದ್ದು ಬಂತು, ಸುತ್ತಿಗೆ ಬಿದ್ದ ಸದ್ದು ಬಂತು. ಕದಿರೇಶ್ ಹೆಂಡತಿಯ ಮಾತಿಗೆ ಎದುರಾಡದೆ ಸಾಮಾನು ತುಂಬುತ್ತಿದ್ದ. ಆ ಸದ್ದು ಕೇಳಿ ಗಂಗಾಲಕ್ಷ್ಮಿಗೆ ಎದೆ ತುಂಬಿತು. ಕೈಗುಣದ ಹೆಸರು ಹೋದರೆ ಅವನದು ಹೋಗುತ್ತದೆ. ಹೋಗಲಿ ಎಂದು ಅವನು ಉಳಿ ಎತ್ತಿಟ್ಟಿದ್ದ.

"ನಿಲ್ಲೇ," ಎಂದಳು ಆದಿಲಕ್ಷ್ಮಮ್ಮ.

"ನಿಮ್ಮ ಮಾವ ಅಷ್ಟು ವರ್ಷ ಬಂದ. ಒಂದಿನ ಹಿಂಗೆ ಕೇಳ್ಲಿಲ್ಲ," ಎಂದಳು ಮತ್ತೆ.

"ಅದಕ್ಕೇ ದೊಡ್ಡಮ್ಮಾ, ಅವರು ಮುಚ್ಚಿದ ಸಂದು ಸೋರ್ತಿರೋದು."

ಮುದುಕಿಗೆ ಈ ಕಡೆ ನೋಡದೆ ಮಾಡಲ್ಲ ಎನ್ನುವವಳು, ಆ ಕಡೆ ಕೆಡವಲು ಕಾಯುತ್ತಿರುವ ಮಗ. ಅವಳು ಮಗನನ್ನೊಮ್ಮೆ, ಒಳಗಿನ ಕತ್ತಲೆಯನ್ನೊಮ್ಮೆ ನೋಡಿದಳು. ಮನಸ್ಸು ಕರಗಿ ತೆರೆದ ಬಾಗಿಲಲ್ಲ ಅದು, ಗರಜು ಬಿದ್ದು ತೆರೆದ ಬಾಗಿಲು. ಆದರೂ ಬಾಗಿಲು ಬಾಗಿಲೇ.

"ನಲ್ಲಿ ಅಲ್ಲಿದೆ. ಕಾಲು ತೊಳ್ಕೊಂಡು ಬಾ."

"ಎಲ್ರೂ ತೊಳ್ಕೊಂಡೇ ಹೋಗ್ತಾರಾ ದೊಡ್ಡಮ್ಮಾ?"

"ಇವನೂ ತೊಳೀಬೇಕು," ಎಂದು ಮುದುಕಿ ಮಗನನ್ನು ತೋರಿಸಿದಳು. "ಯಾವತ್ತೂ ತೊಳ್ದಿಲ್ಲ, ಅದು ಬೇರೆ ಮಾತು."

ಗಂಗಾಲಕ್ಷ್ಮಿ ಕಾಲು ತೊಳೆದು ಹೊಸ್ತಿಲು ದಾಟಿದಳು. ಪಡಸಾಲೆ ಅವಳಿಗೆ ಹೊಸದಲ್ಲ. ಹೆಂಚು ಸರಿಸಿ ಎಷ್ಟೋ ಸಲ ಕಂಡ ಕಂಬ, ತೂಗುಮಣೆ, ಗೋಡೆಯ ಮೇಲಿನ ಹಳೆಯ ಫೋಟೋಗಳು. ಮೇಲಿನಿಂದ ನೋಡಿದಾಗ ಚಿಕ್ಕದಾಗಿ, ಕೈಗೆ ಸಿಗುವ ಹಾಗಿತ್ತು. ಈಗ ಅದರ ಎತ್ತರ ತಿಳಿಯಿತು.

ದೇವರ ಕೋಣೆಯ ಬಾಗಿಲು ತೆರೆದಾಗ ಹಸಿ ಗೋಡೆಯ ವಾಸನೆ ಕರ್ಪೂರವನ್ನೂ ಮೀರಿ ಬಂತು. ದೇವರ ಪಟಗಳೆಲ್ಲ ತಮ್ಮ ಗೂಡು ಬಿಟ್ಟು ಎದುರು ಮೂಲೆಯ ಒಂದು ಸ್ಟೂಲಿನ ಮೇಲೆ ಒತ್ತಿಕೊಂಡು ಕೂತಿದ್ದವು. ವರ್ಷಕ್ಕೂ ಮೇಲಿನಿಂದ ಈ ಮುದುಕಿ ಒದ್ದೆ ಗೋಡೆಗೆ ಹಳೆಯ ಸೀರೆ ಇಳಿಬಿಟ್ಟು, ದೇವರುಗಳನ್ನು ನೆಂಟರ ಮನೆಗೆ ಬಂದವರ ಹಾಗೆ ಮೂಲೆಯಲ್ಲಿಟ್ಟು, ಮಗನಿಗೂ ಹೇಳದೆ, ಕೆಲಸದವರಿಗೂ ಹೇಳದೆ ಪೂಜೆ ಮಾಡಿದ್ದಳು. ಗಂಗಾಲಕ್ಷ್ಮಿ ಸೀರೆ ಸರಿಸಿದಳು. ಗೋಡೆಯ ತಲೆಯಿಂದ ಬುಡದ ತನಕ ಹಸಿರುಗಪ್ಪು ಪಟ್ಟೆ.

ಅವಳು ತಲೆ ಎತ್ತಿದಳು. ಚಪ್ಪಡಿಗಳ ನಡುವಿನ ಸಂದುಗಳಿಂದ ಸುಣ್ಣದ ಗಾರೆ ಕೆಳಗೆ ಇಳಿದು, ಗಟ್ಟಿಯಾಗಿ, ದೀಪದ ಹೊಗೆ ಹಿಡಿದು, ಹಸುವಿನ ಮೊಲೆಗಳ ಹಾಗೆ ಸಾಲಾಗಿ ನೇತಾಡುತ್ತಿತ್ತು. ಪ್ರತಿ ಮಳೆಗಾಲಕ್ಕೆ ಮುಂಚೆ ಮಾವ ಗಂಗುಲಪ್ಪ ಮೇಲಿನಿಂದ ಒತ್ತಿ ಒತ್ತಿ ತುಂಬಿದ ಗಾರೆ. ತನ್ನ ಕೈಕೆಲಸ ಕೆಳಗೆ ಹೀಗೆ ಮೈದಳೆದು ನಿಂತಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ನೋಡದೆಯೇ ಸತ್ತ. ಕಲ್ಲು ಎಲ್ಲೂ ಸೀಳಿರಲಿಲ್ಲ. ಗೋಡೆಯ ಮೇಲಿನ ಕಟ್ಟಕಡೆಯ ಸಂದಿನಲ್ಲಿ ಮಾತ್ರ ಸುಣ್ಣದ ಹನಿಗಳಿರಲಿಲ್ಲ. ಅಲ್ಲಿ ಗಾರೆ ತುಂಬಿರಲೇ ಇಲ್ಲ. ಇವತ್ತಿನ ತನಕ ಯಾರೂ ಅಲ್ಲಿ ಕುಟ್ಟಿರಲಿಲ್ಲ.

ಮೂಲೆಯಲ್ಲಿ ಗಳ ಒರಗಿತ್ತು. ಅವಳು ತೆಗೆದುಕೊಂಡು, ಆ ಸಂದಿನ ಪಕ್ಕ ಕುಟ್ಟಿದಳು. ಟಕ್. ಟಕ್, ಟಕ್.

ಮೇಲೆ ಹೆಜ್ಜೆ ಸದ್ದಾಯಿತು, ಹತ್ತಿರ ಬಂತು, ನಿಂತಿತು. ಯಾರೋ ಕುಕ್ಕರಿಸಿ ಕೂತ ಹಾಗೆ. ಆಮೇಲೆ ಕಲ್ಲಿನ ಆ ಕಡೆಯಿಂದ ಉಳಿಯ ಹಿಡಿಯಿಂದ ಕುಟ್ಟಿದ ಉತ್ತರ ಬಂತು. ಟಕ್, ಟಕ್. ಆ ಮನೆಯ ಸೂರಿಗೆ ಒಳಗಿನಿಂದ ಕದಿರೇಶನ ಮನೆಯವರೊಬ್ಬರು ಕುಟ್ಟಿದ್ದು ಅದೇ ಮೊದಲು. ಯಾರ ಕೈ ಎಂದು ಕದಿರೇಶನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಒಡೀಬೇಕಾ?" ಆದಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತಿದ್ದಳು.

"ಬೇಡ ದೊಡ್ಡಮ್ಮಾ. ಕಲ್ಲು ಇನ್ನೂ ನೂರು ವರ್ಷ ಇರುತ್ತೆ."

ಮುದುಕಿ ಗೋಡೆಗೆ ಒರಗಿಕೊಂಡಳು. ಮುರಳಿಮೋಹನ್ ಮುಖ ಹುಳ್ಳಗೆ ಮಾಡಿಕೊಂಡು ಹಾಲಿಗೆ ಹೋದ.

ಮಧ್ಯಾಹ್ನದ ಹೊತ್ತಿಗೆ ಸಂದು ಕೆತ್ತಿ, ತೊಳೆದು, ಗಾರೆ ತುಂಬಿ, ಮೇಲೆ ಸಿಮೆಂಟಿನ ತಿಳಿ ಎಳೆದದ್ದಾಯಿತು. ಇಳಿದು ಬಂದ ಗಂಡನನ್ನು ಗಂಗಾಲಕ್ಷ್ಮಿ ತಡೆದಳು. "ಬಾ, ನಿಮ್ಮಪ್ಪನ ಕೆಲಸ ಒಂದ್ಸಲ ನೋಡು." ಅವನು ಬೇಡ ಎನ್ನುವ ಹಾಗೆ ತಲೆಯಾಡಿಸಿ, ಆಮೇಲೆ ನಲ್ಲಿಯ ಕೆಳಗೆ ಕಾಲು ತೊಳೆದ. ಸಾಲದು ಎನ್ನಿಸಿ ಇನ್ನೊಮ್ಮೆ ತೊಳೆದ. ದೇವರ ಕೋಣೆಯ ಬಾಗಿಲ ತನಕ ಬಂದು, ಒಳಗೆ ಕಾಲಿಡದೆ, ಕತ್ತು ಎತ್ತಿ ನೋಡಿದ. ತುಂಬ ಹೊತ್ತು ನೋಡಿದ.

"ನೋಡೇ, ನಮ್ಮಪ್ಪ ಎಷ್ಟು ಸುಣ್ಣ ದಂಡ ಮಾಡವ್ನೆ," ಎಂದ.

ಗಾಡಿಗೆ ಸಾಮಾನು ಕಟ್ಟುವಾಗ ಆದಿಲಕ್ಷ್ಮಮ್ಮ ಹೊರಗೆ ಬಂದು ಜಗಲಿಯ ಮೇಲೆ ಕೂತಳು. ಆಡಿದ್ದ ಮಾಮೂಲು ರೇಟನ್ನು ಅವಳೇ ತಂದು ಗಂಗಾಲಕ್ಷ್ಮಿಯ ಕೈಗೆ ಕೊಟ್ಟಳು. ಜಗಲಿಯ ಮೇಲಿಟ್ಟು ಎತ್ತಿಕೋ ಎನ್ನಲಿಲ್ಲ. ಆಗ ಪಕ್ಕದ ಗೋಡೆಯ ಬುಡದಲ್ಲಿ ನೀರಿನ ಸದ್ದಾಯಿತು. ದೇವರ ಕೋಣೆಯ ಅಭಿಷೇಕದ ನೀರು ಹೊರಗೆ ಹೋಗುವ ತೂಬಿನಿಂದ ನೀರು ಬುಳುಬುಳು ಹರಿಯುತ್ತಿತ್ತು. ಅಚ್ಚ ಹಳದಿ. ಧೂಳು ತೊಳೆಯುವುದಕ್ಕೆ ಯಾರೂ ಅರಿಶಿನ ಕಲಸುವುದಿಲ್ಲ. ಒಳಗಿದ್ದವನು ಒಬ್ಬನೇ, ಅದೆಲ್ಲ ನಂಬೋನೇ ಅಲ್ಲ ಎಂದಿದ್ದವನು.

ಗಂಗಾಲಕ್ಷ್ಮಿ ನೋಡಿದಳು. ಅವಳು ನೋಡಿದ್ದನ್ನು ಮುದುಕಿ ನೋಡಿದಳು.

"ನಾನು ಹೇಳ್ಲಿಲ್ಲ ಅವನಿಗೆ," ಎಂದಳು ಆದಿಲಕ್ಷ್ಮಮ್ಮ, ನೆಲ ನೋಡುತ್ತ.

"ಗೊತ್ತು ದೊಡ್ಡಮ್ಮಾ."

"ಮಳೆ ಬಂದ್ಮೇಲೆ ಒಂದ್ಸಲ..." ಮುದುಕಿ ಸೂರಿನ ಕಡೆ ಕಣ್ಣೆತ್ತಿದಳು.

"ಬರ್ತೀನಿ. ಗ್ಯಾರಂಟಿ ಕೊಟ್ಟಿದ್ದೀನಲ್ಲ. ಮಳೆ ಹೊಡೀತಿರೋವಾಗ್ಲೇ ಬಂದು ನೋಡ್ತೀನಿ. ಒಳಗೇ ಬಂದು ನೋಡ್ತೀನಿ."

ಗಾಡಿ ಊರು ದಾಟಿ ತೋಪಿನ ನೆರಳಿಗೆ ಬಂದ ಮೇಲೆ ಕದಿರೇಶ್ ಬಾಯಿಬಿಟ್ಟ. ಅವನಿಗೂ ಹಳದಿ ನೀರು ಕಂಡಿತ್ತು. "ಹೋದ್ರೆ ಮತ್ತೆ ತೊಳೀತಾನೆ ಕಣೇ."

"ತೊಳೀಲಿ."

"ಎಷ್ಟ್ಸಲ ತೊಳೀತಾನೆ?"

"ನಾವು ಎಷ್ಟ್ಸಲ ಹೋಗ್ತೀವೋ ಅಷ್ಟ್ಸಲ," ಎಂದಳು ಗಂಗಾಲಕ್ಷ್ಮಿ, ತೊಡೆಯ ಮೇಲಿನ ಬಾಂಡ್ಲಿಯನ್ನು ಸರಿಪಡಿಸಿಕೊಂಡು. "ಸುಣ್ಣದ ಖರ್ಚು ನಮ್ಮ ರೇಟಲ್ಲೇ ಇದೆ. ಅರಿಶಿನದ ಖರ್ಚು ಅವನದು."